ಕಾಗದ ಬರೆದೇ ಲೋಕ ಸುತ್ತಿದ ಡಾರ್ವಿನ್

ಮಕ್ಕಳೇ, ಚಾರ್ಲ್ಸ್ ಡಾರ್ವಿನ್ ಹೆಸರನ್ನು ನೀವು ವಿಜ್ಞಾನದ ಪಾಠದಲ್ಲಿ ಕೇಳಿರುತ್ತೀರಿ. ಬೀಗಲ್ ಎಂಬ ಹಡಗಿನಲ್ಲಿ ಸುಮಾರು 5 ವರ್ಷ ಲೋಕ ಸುತ್ತಿದವರು, ಜೀವವಿಕಾಸದ ಸಿದ್ಧಾಂತ ಹೇಳಿದವರು, ಉದ್ದ ಬಿಳಿ ಗಡ್ಡದ ಅಜ್ಜ. ಪಾಠದಲ್ಲಿ ಸಾಮಾನ್ಯವಾಗಿ ಬಾರದ ಒಂದು ಸಂಗತಿಯನ್ನು ನಾನು ಹೇಳುತ್ತೇನೆ. 1836ರಲ್ಲಿ ಆ ಹಡಗಿನಿಂದ ಇಳಿದ ಮೇಲೆ ಅವರು ಬ್ರಿಟನ್ ಬಿಟ್ಟು ಒಮ್ಮೆಯೂ ಹೊರಗೆ ಹೋಗಲಿಲ್ಲ. 1842ರಿಂದ ಸಾಯುವತನಕ, ಅಂದರೆ 40 ವರ್ಷ, ಲಂಡನ್ನಿನಿಂದ 16 ಮೈಲಿ ದೂರದ ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಆರೋಗ್ಯವೂ ಅಷ್ಟಕ್ಕಷ್ಟೆ. ಹೆಚ್ಚು ಹೊತ್ತು ಜನರ ಜೊತೆ ಮಾತಾಡಿದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಹಾಗಿದ್ದೂ ಅವರ ಪುಸ್ತಕಗಳಲ್ಲಿ ಮದರಾಸಿನ ಪಾರಿವಾಳವಿದೆ, ಮಡಗಾಸ್ಕರದ ಹೂವಿದೆ, ಕಲ್ಕತ್ತೆಯ ಎರೆಹುಳುವಿದೆ. ಇವೆಲ್ಲ ಆ ಹಳ್ಳಿಮನೆಗೆ ಹೇಗೆ ಬಂದವು? ಟಪಾಲಿನಲ್ಲಿ ಬಂದವು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಜೀವವಿಜ್ಞಾನ ನನ್ನ ವಿಷಯವಲ್ಲ. ಆದರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಟಪಾಲು ಟೇಬಲ್ಲೇ ನನ್ನದಾಗಿತ್ತು. ಬಂದ ಕಾಗದಕ್ಕೆ ನಂಬರು ಹಾಕುವುದು, ಇನ್‌ವರ್ಡ್ ಪುಸ್ತಕದಲ್ಲಿ ಬರೆಯುವುದು, ಸರಿಯಾದ ಫೈಲಿಗೆ ಸೇರಿಸುವುದು, ಉತ್ತರ ಹೋಯಿತೋ ಇಲ್ಲವೋ ನೋಡುವುದು. ನಿವೃತ್ತನಾದ ಮೇಲೆ, ಡಾರ್ವಿನ್ನರ ಮಗ ಫ್ರಾನ್ಸಿಸ್ ತಮ್ಮ ತಂದೆಯ ಬಗ್ಗೆ ಬರೆದಿಟ್ಟ ನೆನಪುಗಳನ್ನು ಓದಿದೆ. ‘ಅರೆ, ಇವರು ನಮ್ಮ ಸೆಕ್ಷನ್ನಿನವರೇ!’ ಅನ್ನಿಸಿತು. ಆ ಸಂತೋಷವನ್ನು ನಿಮ್ಮ ಜೊತೆ ಹಂಚಿಕೊಳ್ಳಲು ಈ ಲೇಖನ.

ಸೋದರಮಾವ ಬರೆದ ಕಾಗದ

ಮೊದಲಿಗೆ, ಡಾರ್ವಿನ್ ಹಡಗು ಹತ್ತಿದ್ದೇ ಒಂದು ಕಾಗದದ ದೆಸೆಯಿಂದ. 1831ರ ಆಗಸ್ಟ್ ತಿಂಗಳು. 22 ವರ್ಷದ ಹುಡುಗ ಕೇಂಬ್ರಿಜ್‌ನಲ್ಲಿ ಓದು ಮುಗಿಸಿ, ಮುಂದೆ ಪಾದ್ರಿಯಾಗಬೇಕೆಂದು ಮನೆಯವರು ನಿಶ್ಚಯಿಸಿದ್ದ ಹೊತ್ತು. ಆಗ ಅವರ ಗುರು ಹೆನ್ಸ್ಲೋ ಅವರಿಂದ ಪತ್ರ ಬಂತು: ಸರಕಾರದ ಹಡಗೊಂದು ದಕ್ಷಿಣ ಅಮೆರಿಕದ ಕಡೆ ಹೊರಟಿದೆ, ಪ್ರಕೃತಿ ಬಲ್ಲ ಒಬ್ಬ ತರುಣ ಬೇಕು, ನೀನು ಹೋಗು.

ತಂದೆ ಡಾಕ್ಟರ್ ರಾಬರ್ಟ್ ಡಾರ್ವಿನ್ ಒಪ್ಪಲಿಲ್ಲ. ಇದು ಹುಚ್ಚು ಯೋಜನೆ, ಪಾದ್ರಿಯಾಗುವವನಿಗೆ ಶೋಭೆಯಲ್ಲ, ಬೇರೆಯವರು ಬೇಡವೆಂದದ್ದನ್ನೇ ನಿನಗೆ ಕೊಟ್ಟಿರಬೇಕು, ಹಡಗಿನಲ್ಲಿ ಸೌಕರ್ಯವಿರುವುದಿಲ್ಲ, ಬಂದ ಮೇಲೂ ನೀನು ಒಂದು ಕಡೆ ನಿಲ್ಲುವುದಿಲ್ಲ ಎಂದು ಮುಂತಾಗಿ ಆಕ್ಷೇಪಗಳು. ಆದರೂ ಒಂದು ಬಾಗಿಲನ್ನು ತೆರೆದಿಟ್ಟರು: ‘ವಿವೇಕವಿರುವ ಯಾರಾದರೂ ಒಬ್ಬರು ಹೋಗು ಅನ್ನಲಿ, ಆಗ ನಾನು ಒಪ್ಪುತ್ತೇನೆ.’

ಹುಡುಗ ಸೋದರಮಾವನ ಮನೆಗೆ ಹೋದ. ಮಾವ ಜೋಸಯ್ಯ ವೆಜ್‌ವುಡ್, ಪಿಂಗಾಣಿ ಪಾತ್ರೆಗಳಿಗೆ ಹೆಸರಾದ ಮನೆತನದವರು. ತಂದೆಯ ಆಕ್ಷೇಪಗಳನ್ನು ಪಟ್ಟಿ ಮಾಡಿದಾಗ 8 ಆದವು. ಮಾವ ಕೂತು ಎಂಟಕ್ಕೂ ಒಂದೊಂದಾಗಿ, ನಂಬರು ಹಾಕಿ, ಸಾವಧಾನವಾಗಿ ಉತ್ತರ ಬರೆದರು. ತಂದೆ ಓದಿದರು, ಒಪ್ಪಿದರು. ಮನೆಯ ಹುಡುಗನ ವಿಷಯದಲ್ಲಿ ಸೋದರಮಾವನ ಮಾತಿಗೆ ಎಷ್ಟು ತೂಕವೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂದೆ 1839ರಲ್ಲಿ ಡಾರ್ವಿನ್ ಮದುವೆಯಾದದ್ದು ಅದೇ ಸೋದರಮಾವನ ಮಗಳು ಎಮ್ಮಾಳನ್ನು!

ಒಂದು ಪೆನ್ನಿಯ ಚೀಟಿ

ಡಾರ್ವಿನ್ ಡೌನ್ ಹಳ್ಳಿಗೆ ಬರುವ 2 ವರ್ಷ ಮೊದಲು ಇಂಗ್ಲೆಂಡಿನ ಅಂಚೆಯಲ್ಲಿ ಒಂದು ದೊಡ್ಡ ಬದಲಾವಣೆಯಾಗಿತ್ತು. ಅದಕ್ಕೆ ಮುಂಚೆ ಪತ್ರದ ದರ ದೂರದ ಮೇಲೆ, ಹಾಳೆಗಳ ಲೆಕ್ಕದ ಮೇಲೆ ಇತ್ತು. ಹಣ ಕೊಡುತ್ತಿದ್ದವರು ಸಾಮಾನ್ಯವಾಗಿ ಪತ್ರ ಪಡೆದವರು. ಬಡವರ ಮನೆಗೆ ಕಾಗದ ಬಂದರೆ ಸಂತೋಷಕ್ಕಿಂತ ಸಂಕಟವೇ ಹೆಚ್ಚು. 1840ರಲ್ಲಿ ರೋಲಂಡ್ ಹಿಲ್ ಅವರ ಸಲಹೆಯಂತೆ ದೇಶದೊಳಗೆ ಎಲ್ಲಿಗಾದರೂ, ಅರ್ಧ ಔನ್ಸ್ ತೂಕದೊಳಗಿನ ಪತ್ರಕ್ಕೆ ಒಂದೇ ಪೆನ್ನಿ ಎಂದಾಯಿತು. ಬರೆದವರೇ ಮುಂಗಡ ಕೊಟ್ಟು ಅಂಚೆಚೀಟಿ ಅಂಟಿಸಬೇಕು. ಲೋಕದ ಮೊದಲ ಅಂಚೆಚೀಟಿ, ‘ಪೆನ್ನಿ ಬ್ಲ್ಯಾಕ್’, ಬಂದದ್ದು ಆಗಲೇ.

ಇದರಿಂದ ತೋಟದ ಮಾಲಿ, ಪಾರಿವಾಳ ಸಾಕುವವನು, ಶಾಲೆಯ ಮೇಷ್ಟ್ರು ಎಲ್ಲರೂ ವಿಜ್ಞಾನಿಗೆ ಪತ್ರ ಬರೆಯಬಹುದಾಯಿತು. ವಿಜ್ಞಾನಿಯೂ ಅವರಿಗೆ ಬರೆಯಬಹುದಾಯಿತು. ಈ ಸೌಲಭ್ಯವನ್ನು ಡಾರ್ವಿನ್ನರಷ್ಟು ಚೆನ್ನಾಗಿ ಬಳಸಿಕೊಂಡವರು ವಿರಳ. ಅವರು ಬರೆದ ಮತ್ತು ಅವರಿಗೆ ಬಂದ ಪತ್ರಗಳಲ್ಲಿ ಇವತ್ತು ಗೊತ್ತಿರುವವೇ ಸುಮಾರು 15,000. ಪತ್ರವ್ಯವಹಾರ ಇಟ್ಟುಕೊಂಡಿದ್ದವರು ಸುಮಾರು 2,000 ಮಂದಿ.

ಡೌನ್ ಮನೆಯ ಟಪಾಲು ಟೇಬಲ್

ಬೆಳಿಗ್ಗೆ 8ರಿಂದ ಒಂಬತ್ತೂವರೆ ತನಕ ಡಾರ್ವಿನ್ ತಮ್ಮ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು. ಆಮೇಲೆ ಹಜಾರಕ್ಕೆ ಬಂದು ಅಂದಿನ ಟಪಾಲು ನೋಡುವರು. ಕಾಗದ ಕಡಿಮೆ ಇದ್ದ ದಿನ ಖುಷಿ. ಸೋಫಾದ ಮೇಲೆ ಒರಗಿಕೊಂಡರೆ ಮನೆಯವರ ಪತ್ರಗಳನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕು. ಉತ್ತರ ಬರೆಯುವುದು ಮಧ್ಯಾಹ್ನ ಊಟವಾಗಿ, ಪೇಪರ್ ಓದಿದ ಮೇಲೆ. ಬೆಂಕಿಗೂಡಿನ ಪಕ್ಕದ ದೊಡ್ಡ ಕುರ್ಚಿಯ ಎರಡು ಕೈಗಳ ಮೇಲೆ ಒಂದು ಹಲಗೆ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದರು.

ಬಂದ ಪತ್ರಕ್ಕೆಲ್ಲ ಉತ್ತರ ಹೋಗಲೇಬೇಕು. ಹೋಗದಿದ್ದರೆ ಅವರ ಮನಸ್ಸಿಗೆ ಸಮಾಧಾನವಿಲ್ಲ. ಕಾಟ ಕೊಡುವ ಪತ್ರಗಳಿಗೆ ಕಳಿಸಲೆಂದು ಒಂದು ಉತ್ತರವನ್ನು ಅಚ್ಚು ಹಾಕಿಸಿ ಇಟ್ಟಿದ್ದರಂತೆ. ಆದರೆ ಅದನ್ನು ಬಳಸಿದ್ದು ಇಲ್ಲವೆನ್ನುವಷ್ಟು ಕಡಿಮೆ. ಒಬ್ಬ ತರುಣ, ‘ನಾನು ವಿಕಾಸವಾದದ ಮೇಲೆ ಭಾಷಣ ಮಾಡಬೇಕಾಗಿದೆ, ಓದಲು ಪುರುಸೊತ್ತಿಲ್ಲ, ನಿಮ್ಮ ವಿಚಾರಗಳನ್ನು ಚಿಕ್ಕದಾಗಿ ಬರೆದು ಕಳಿಸಿ’ ಎಂದು ಕೇಳಿದ್ದನಂತೆ. ಆ ಮಹಾನುಭಾವನಿಗೂ ಮರ್ಯಾದೆಯ ಉತ್ತರವೇ ಹೋಯಿತು. ಭಾಷಣಕ್ಕೆ ಬೇಕಾದ ಸರಕು ಮಾತ್ರ ಅದರಲ್ಲಿ ಹೆಚ್ಚು ಇದ್ದಿರಲಾರದು ಎಂದು ಮಗ ತಮಾಷೆ ಮಾಡಿದ್ದಾರೆ.

ಬ್ಯಾಂಕಿನವನಾದ ನನಗೆ ಬಹಳ ಹಿಡಿಸಿದ್ದು ಅವರ ಲೆಕ್ಕಪತ್ರ. ಮನೆಯ ಖರ್ಚನ್ನು ಬಾಬುವಾರು ಬರೆದು, ವರ್ಷದ ಕೊನೆಗೆ ವ್ಯಾಪಾರಿಯ ಹಾಗೆ ತಾಳೆ ಹಾಕುತ್ತಿದ್ದರು. ಒಂದು ಚೆಕ್ ಬರೆದುಕೊಟ್ಟರೆ, ಮರೆತುಹೋದೀತು ಎಂಬ ಆತುರದಲ್ಲಿ ಆಗಲೇ ಪುಸ್ತಕಕ್ಕೆ ಕೈ ಚಾಚುವರು. ವಿಷಯಗಳಿಗೂ ಅದೇ ಶಿಸ್ತು. ಹೆಸರು ಬರೆದ 30-40 ದೊಡ್ಡ ಫೈಲುಗಳು ಕೋಣೆಯಲ್ಲಿದ್ದವು. ಯಾವ ಪತ್ರದಲ್ಲಿ ಯಾವ ಸಂಗತಿ ಬಂದರೂ ಆಯಾ ಫೈಲಿಗೆ ಸೇರುತ್ತಿತ್ತು. ಪುಸ್ತಕ ಬರೆಯುವ ಹೊತ್ತಿಗೆ ಆ ಫೈಲನ್ನು ಇಳಿಸಿದರೆ ವರ್ಷಗಳ ಸಾಮಗ್ರಿ ಕೈಯಲ್ಲಿ. ನಮ್ಮ ಲೆಡ್ಜರಿನ ಖಾತೆಗಳಂತೆಯೇ ಅಲ್ಲವೇ?

ಕಾಗದದ ವಿಷಯದಲ್ಲಿ ಅವರು ಜಿಪುಣರು. ಬಂದ ಪತ್ರಗಳ ಖಾಲಿ ಹಾಳೆಗಳನ್ನು ಟಿಪ್ಪಣಿ ಬರೆಯಲು ಎತ್ತಿಡುತ್ತಿದ್ದರು. ತಮ್ಮ ಪುಸ್ತಕಗಳ ಹಸ್ತಪ್ರತಿಯ ಹಿಂಬದಿಯಲ್ಲೇ ಬೇರೆ ಏನೋ ಬರೆಯುತ್ತಿದ್ದರು. ಮಕ್ಕಳು ಅದೇ ಹಾಳೆಗಳ ಹಿಂದೆ ಚಿತ್ರ ಬಿಡಿಸಿದ್ದೂ ಉಂಟು.

ತಂತಿಗೆ ಚುಚ್ಚಿದ ಕಾಗದಗಳು

ಅಜ್ಜ-ಅಜ್ಜಿಯರಿಗೆ ನೆನಪಿರಬಹುದು. ನಮ್ಮ ಮನೆಗಳ ಗೋಡೆಯ ಮೇಲೆ, ತುದಿಯಲ್ಲಿ ಕೊಕ್ಕೆಯಂತೆ ಬಗ್ಗಿಸಿದ ಒಂದು ಉದ್ದ ತಂತಿ ನೇತಾಡುತ್ತಿತ್ತು. ಬಂದ ಕಾರ್ಡು, ಇನ್‌ಲ್ಯಾಂಡ್ ಪತ್ರ, ಲಗ್ನಪತ್ರಿಕೆ ಎಲ್ಲವನ್ನೂ ಅದಕ್ಕೆ ಚುಚ್ಚಿಡುವುದು. ಬ್ಯಾಂಕಿನಲ್ಲಿ ಮೇಜಿನ ಮೇಲೆ ಅಂಥದೇ ಚೂಪು ತಂತಿ ನೆಟ್ಟಗೆ ನಿಂತಿರುತ್ತಿತ್ತು, ವೋಚರ್ ಚುಚ್ಚಲು. ಡಾರ್ವಿನ್ನರ ಬಳಿಯೂ ಇಂಥ ಕೆಲವು ತಂತಿಗಳಿದ್ದವು. ಅವೆಲ್ಲ ತುಂಬಿದಾಗ ಅವರು ಏನು ಮಾಡುತ್ತಿದ್ದರು ಗೊತ್ತೇ? ತಂತಿ ಖಾಲಿ ಮಾಡಲೆಂದು ಕೆಲವು ವರ್ಷಗಳ ಪತ್ರಗಳನ್ನು ಒಟ್ಟಿಗೆ ಸುಟ್ಟುಬಿಡುತ್ತಿದ್ದರು! ಹೀಗೆ, 1862ಕ್ಕಿಂತ ಹಿಂದೆ ಅವರಿಗೆ ಬಂದ ಪತ್ರಗಳಲ್ಲಿ ಬಹುಪಾಲು ಹೋಗಿಬಿಟ್ಟವು. ಆಮೇಲೆ ಬೇರೆಯವರು ಹೇಳಿದ ಮೇಲೆ ಒಳ್ಳೆಯ ಪತ್ರಗಳನ್ನು ಇಟ್ಟುಕೊಳ್ಳತೊಡಗಿದರು.

ಆದರೆ ಆ ಕಾಲದಲ್ಲಿ ಡಾರ್ವಿನ್ ಬೇರೆಯವರಿಗೆ ಬರೆದ ಪತ್ರಗಳು ಬಹಳಷ್ಟು ಉಳಿದಿವೆ. ಅವರ ಆಪ್ತ ಸ್ನೇಹಿತ, ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಅವರಂಥವರು ಜೋಪಾನ ಮಾಡಿದ್ದರಿಂದ ಉಳಿದವು. ಕಾಗದದ ಆಯುಸ್ಸು ಬರೆದವರ ಕೈಯಲ್ಲಿಲ್ಲ, ಪಡೆದವರ ಕೈಯಲ್ಲಿದೆ. ನಮ್ಮ ಮನೆಯ ತಂತಿ, ಹಳೆಮನೆ ಕೆಡವಿ ಹೊಸದು ಕಟ್ಟಿಸುವಾಗ ಕಾಗದಗಳ ಸಮೇತ ಹೋಯಿತು. ನನ್ನ ಚಿಕ್ಕಪ್ಪ ನಮ್ಮ ತಂದೆಗೆ ಬರೆದದ್ದು ಒಂದೂ ಇಲ್ಲ. ನಮ್ಮ ತಂದೆ ಅವರಿಗೆ ಬರೆದ 11 ಕಾಗದಗಳು ಚಿಕ್ಕಪ್ಪನ ಮಕ್ಕಳ ಬಳಿ ಇವೆ. ನಮ್ಮ ತಂದೆಯ ಅಕ್ಷರ ನೋಡಬೇಕಾದರೆ ನಾನು ಅವರ ಮನೆಗೇ ಹೋಗಬೇಕು.

ಕೇಳುವುದೂ ಒಂದು ವಿದ್ಯೆ

ಡಾರ್ವಿನ್ನರ ಪತ್ರಗಳಲ್ಲಿ ದೊಡ್ಡ ದೊಡ್ಡ ಮಾತುಗಳು ಕಡಿಮೆ, ಸಣ್ಣ ಸಣ್ಣ ಪ್ರಶ್ನೆಗಳು ಹೆಚ್ಚು. ‘ಪ್ರಕೃತಿಯ ರಹಸ್ಯವೇನು?’ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಮರಿಯ ಕೊಕ್ಕಿನ ಉದ್ದವೆಷ್ಟು, ಯಾವ ದುಂಬಿ ಯಾವ ಹೂವಿಗೆ ಬಂತು, ಇಂಥ ಜಾತಿಯನ್ನು ಇಂಥದ್ದರ ಜೊತೆ ಕೂಡಿಸಿದರೆ ಮರಿ ಯಾವ ಬಣ್ಣ, ಇಂಥವು. ಕೈಯಾರೆ ಕೆಲಸ ಮಾಡುವವರನ್ನೇ ಹುಡುಕಿ ಕೇಳುತ್ತಿದ್ದರು. ಸ್ವತಃ ಪಾರಿವಾಳ ಸಾಕಿ, ಲಂಡನ್ನಿನ ಎರಡು ಪಾರಿವಾಳ ಸಂಘಗಳಿಗೆ ಸದಸ್ಯರಾದರು.

1855ರಲ್ಲಿ ಅವರಿಗೆ ಒಂದು ಸಂಶಯ. ಸಮುದ್ರದ ನಡುವಿನ ದ್ವೀಪಗಳಿಗೆ ಗಿಡಗಳು ಹೇಗೆ ಬಂದವು? ಬೀಜ ಉಪ್ಪುನೀರಿನಲ್ಲಿ ತೇಲಿ ಬಂದರೆ ಸತ್ತುಹೋಗುವುದಿಲ್ಲವೇ? ತೋಟಗಾರರ ವಾರಪತ್ರಿಕೆಯೊಂದಕ್ಕೆ ಪತ್ರ ಬರೆದು, ಬಲ್ಲವರು ತಿಳಿಸಿ ಎಂದು ಕೇಳಿದರು. ಮನೆಯಲ್ಲೂ ಬಾಟಲಿಗಳಲ್ಲಿ ಉಪ್ಪುನೀರು ತುಂಬಿ ಬೀಜ ನೆನೆಹಾಕಿದರು. ಬೀಜಗಳು ಬೇಗ ಸಾಯುತ್ತವೆಂದು ಹೂಕರ್ ಅವರ ಎಣಿಕೆ. ಡಾರ್ವಿನ್ನರ ಮಕ್ಕಳಿಗೆ ಇದು ಪಂದ್ಯವೇ ಆಗಿಹೋಯಿತು. ‘ಅಪ್ಪ, ನೀವು ಡಾಕ್ಟರ್ ಹೂಕರ್ ಅವರನ್ನು ಸೋಲಿಸುತ್ತೀರಾ?’ ಎಂದು ಆಗಾಗ ಕೇಳುತ್ತಿದ್ದರಂತೆ. 87 ಬಗೆಯ ಬೀಜಗಳಲ್ಲಿ 64 ಬಗೆಯವು 28 ದಿನ ನೆನೆದ ಮೇಲೂ ಮೊಳೆತವು. ಅಪ್ಪ ಗೆದ್ದರು.

1862ರಲ್ಲಿ ಬೇಟ್‌ಮನ್ ಎಂಬ ಆರ್ಕಿಡ್ ಪ್ರೇಮಿಯಿಂದ ಒಂದು ಪೆಟ್ಟಿಗೆ ಬಂತು. ಅದರಲ್ಲಿ ಮಡಗಾಸ್ಕರದ ಒಂದು ಬಿಳಿ ಹೂವು. ಅದರ ಜೇನಿನ ನಳಿಕೆ 11 ಇಂಚಿಗೂ ಉದ್ದ! ಇದರ ತಳಕ್ಕೆ ಮುಟ್ಟುವ ನಾಲಗೆಯ ಪತಂಗವೊಂದು ಅಲ್ಲಿ ಇರಲೇಬೇಕು ಎಂದರು ಡಾರ್ವಿನ್. ಕೆಲವರು ನಕ್ಕರು. ಅಷ್ಟು ಉದ್ದ ನಾಲಗೆಯ ಮಡಗಾಸ್ಕರದ ಪತಂಗವನ್ನು ವಿಜ್ಞಾನಿಗಳು ಹೆಸರಿಟ್ಟು ವರ್ಣಿಸಿದ್ದು 1903ರಲ್ಲಿ. ಅಷ್ಟರಲ್ಲಿ ಡಾರ್ವಿನ್ ತೀರಿಕೊಂಡು 21 ವರ್ಷವಾಗಿತ್ತು.

1867ರಲ್ಲಿ ಅವರು ಮನುಷ್ಯರ ಮುಖಭಾವಗಳ ಬಗ್ಗೆ 16 ಪ್ರಶ್ನೆಗಳ ಪಟ್ಟಿಯೊಂದನ್ನು ಲೋಕದ ನಾನಾ ಕಡೆ ಕಳಿಸಿದರು. ಅಚ್ಚರಿಯಾದಾಗ ಹುಬ್ಬು ಮೇಲೇರುತ್ತದೆಯೇ, ನಾಚಿದರೆ ಮುಖ ಕೆಂಪಾಗುತ್ತದೆಯೇ ಎಂದೆಲ್ಲ. ಕೊನೆಯ ಪ್ರಶ್ನೆ: ಹೌದು ಎನ್ನಲು ತಲೆಯನ್ನು ಮೇಲೆ ಕೆಳಗೆ, ಇಲ್ಲ ಎನ್ನಲು ಅಕ್ಕಪಕ್ಕ ಆಡಿಸುತ್ತಾರೆಯೇ? ‘ಆಗಲಿ’ ಎನ್ನುವುದಕ್ಕೂ ‘ನೋಡೋಣ’ ಎನ್ನುವುದಕ್ಕೂ ತಲೆಯನ್ನು ಓರೆಯಾಗಿ ತೂಗುವ ನಮ್ಮಂಥವರನ್ನು ಕಂಡರೆ ಅವರು ಹದಿನೇಳನೆಯ ಪ್ರಶ್ನೆ ಸೇರಿಸುತ್ತಿದ್ದರೇನೋ! ಒಟ್ಟು 36 ಉತ್ತರಗಳು ಬಂದವು. 1872ರಲ್ಲಿ ಪುಸ್ತಕ ಹೊರಬಂತು.

ಕಿತ್ತೂರಿನ ಸೆರೆಯಾಳು, ಮದರಾಸಿನ ಪಾರಿವಾಳ

ಈಗ ನಮ್ಮ ನಾಡಿಗೆ ಬರೋಣ. 1824ರ ಅಕ್ಟೋಬರಿನಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಸೈನ್ಯ ಥ್ಯಾಕರೆಯನ್ನು ಕೊಂದದ್ದು ನಿಮಗೆ ಗೊತ್ತು. ಆಗ ಅವನ ಇಬ್ಬರು ಸಹಾಯಕರು ಸೆರೆಸಿಕ್ಕಿದರು, ಸ್ಟೀವನ್‌ಸನ್ ಮತ್ತು ಎಲಿಯಟ್. ಜೀವಕ್ಕೆ ಅಪಾಯವಾಗದೆ ಮುಂದೆ ಬಿಡುಗಡೆಯಾದ ಆ ಎಲಿಯಟ್ ಎಂಬ ತರುಣನೇ ವಾಲ್ಟರ್ ಎಲಿಯಟ್. ಅವರು ಧಾರವಾಡ ಸೀಮೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಕನ್ನಡ ನಾಡಿನ ನೂರಾರು ಶಾಸನಗಳ ನಕಲು ಸಂಗ್ರಹಿಸಿದರು. ಈ ಭಾಗದ ಪ್ರಾಣಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದರು.

1856ರಲ್ಲಿ ಎಲಿಯಟ್ ಮದರಾಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಗ ಡೌನ್ ಹಳ್ಳಿಯಿಂದ ಒಂದು ಪತ್ರ ಹೋಯಿತು. ನಿಮ್ಮ ಕಡೆ ಸಾಕುವ ಪಾರಿವಾಳ, ಕೋಳಿಗಳ ಚರ್ಮಗಳನ್ನು ಕಳಿಸಿಕೊಡಲು ಸಾಧ್ಯವೇ ಎಂದು. ಎಲಿಯಟ್ ಕಳಿಸಿದರು. ಪಾರಿವಾಳ ಸಾಕಣೆಯ ಬಗ್ಗೆ 1770ರ ಒಂದು ಪಾರ್ಸಿ ಭಾಷೆಯ ಗ್ರಂಥದ ಅನುವಾದವನ್ನೂ ಒದಗಿಸಿದರು. 1859ರ ‘ಜೀವಜಾತಿಗಳ ಉಗಮ’ ಪುಸ್ತಕದ ಮೊದಲ ಅಧ್ಯಾಯದಲ್ಲೇ ಪಾರಿವಾಳಗಳ ಮಾತು ಬರುತ್ತದೆ. ಅಲ್ಲಿ ಎಲಿಯಟ್ ಅವರ ಹೆಸರು ಹೇಳಿ ಡಾರ್ವಿನ್ ಉಪಕಾರ ಸ್ಮರಿಸಿದ್ದಾರೆ. ಅಕ್ಬರ್ ಬಾದಷಹನ ದರ್ಬಾರಿನ ಜೊತೆ 20,000 ಪಾರಿವಾಳಗಳು ಸಾಗುತ್ತಿದ್ದ ಸಂಗತಿಯೂ ಅಲ್ಲೇ ಇದೆ. ಕಿತ್ತೂರಿನ ಸೆರೆಯಾಳಿಗೂ ಆ ಪುಸ್ತಕಕ್ಕೂ ನಂಟು ಕಟ್ಟಿದ್ದು ಒಂದು ಕಾಗದ.

ಜೂನ್ 18ರ ಟಪಾಲು

ಎಲ್ಲ ಟಪಾಲೂ ಸಂತೋಷ ತರುವುದಿಲ್ಲ. 1858ರ ಜೂನ್ 18ರಂದು ದೂರದ ಮಲಯ ದ್ವೀಪಗಳಿಂದ ಒಂದು ಲಕೋಟೆ ಬಂತು. ಕಳಿಸಿದವರು ಆಲ್‌ಫ್ರೆಡ್ ರಸೆಲ್ ವ್ಯಾಲೇಸ್, ಕೀಟ-ಪಕ್ಷಿಗಳನ್ನು ಸಂಗ್ರಹಿಸಿ ಮಾರಿ ಜೀವನ ಮಾಡುತ್ತಿದ್ದ 35 ವರ್ಷದ ಬಡ ಸಂಶೋಧಕ. ಒಳಗೆ ಒಂದು ಪ್ರಬಂಧ. ಡಾರ್ವಿನ್ 20 ವರ್ಷಗಳಿಂದ ಗುಟ್ಟಾಗಿ ಕಟ್ಟುತ್ತಿದ್ದ ವಿಚಾರವೇ ಅದರಲ್ಲಿತ್ತು! ಬೇರೊಬ್ಬರು, ಬೇರೆ ಕಡೆ ಕೂತು, ತಾವಾಗಿಯೇ ಕಂಡುಕೊಂಡಿದ್ದರು.

ಆ ಕಾಗದ ತಲುಪಿದ್ದು ಡಾರ್ವಿನ್ನರಿಗೆ ಮಾತ್ರ ಗೊತ್ತು. ಹಡಗಿನಲ್ಲಿ ಕಳೆಯಿತು ಎಂದರೆ ಕೇಳುವವರಿಲ್ಲ. ಅವರು ಅದೇ ದಿನ ಅದನ್ನು ಹಿರಿಯ ಸ್ನೇಹಿತ ಲಯೆಲ್ ಅವರಿಗೆ ಕಳಿಸಿದರು. ತಾನು ಸಣ್ಣತನ ಮಾಡಿದೆನೆಂದು ಯಾರಾದರೂ ಭಾವಿಸುವುದಕ್ಕಿಂತ ನನ್ನ ಪುಸ್ತಕವನ್ನೇ ಸುಡುವುದು ಮೇಲು ಎಂಬ ಅರ್ಥದಲ್ಲಿ ಬರೆದರು. ಅದೇ ವಾರಗಳಲ್ಲಿ ಅವರ ಒಂದೂವರೆ ವರ್ಷದ ಕೊನೆಯ ಮಗುವಿಗೆ ಜ್ವರ. ಜೂನ್ 28ರಂದು ಮಗು ಹೋಯಿತು.

ಲಯೆಲ್ ಮತ್ತು ಹೂಕರ್ ಕೂತು ದಾರಿ ಹುಡುಕಿದರು. ಇಲ್ಲಿ ಕೆಲಸಕ್ಕೆ ಬಂದದ್ದು ಮತ್ತೊಂದು ಪತ್ರ. ಹಿಂದಿನ ವರ್ಷ, 1857ರ ಸೆಪ್ಟೆಂಬರಿನಲ್ಲಿ, ಡಾರ್ವಿನ್ ಅಮೆರಿಕದ ಆಸಾ ಗ್ರೇ ಅವರಿಗೆ ತಮ್ಮ ವಿಚಾರದ ಸಾರ ಬರೆದಿದ್ದರು. ಅದರ ನಕಲು ಮನೆಯಲ್ಲಿತ್ತು. ನಮ್ಮ ಆಫೀಸಿನಲ್ಲಿ ‘ಆಫೀಸ್ ಕಾಪಿ ಎಲ್ಲಿ?’ ಎಂದು ಮ್ಯಾನೇಜರ್ ಗದರುತ್ತಿದ್ದುದು ಸುಮ್ಮನಲ್ಲ. 1858ರ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಡಾರ್ವಿನ್ನರ 1844ರ ಬರಹದ ಭಾಗ, ಗ್ರೇ ಅವರಿಗೆ ಬರೆದ ಪತ್ರದ ಸಾರ, ವ್ಯಾಲೇಸರ ಪ್ರಬಂಧ, ಮೂರನ್ನೂ ಒಟ್ಟಿಗೆ ಓದಿದರು. ಡಾರ್ವಿನ್ ಅಲ್ಲಿರಲಿಲ್ಲ. ಅಂದು ಅವರ ಮಗುವಿನ ಅಂತ್ಯಕ್ರಿಯೆ.

ವ್ಯಾಲೇಸರಿಗೆ ವಿಷಯ ತಿಳಿದದ್ದು ತಿಂಗಳುಗಳ ನಂತರ. ಅವರು ಬೇಸರಪಡಲಿಲ್ಲ. 1869ರ ತಮ್ಮ ದೊಡ್ಡ ಪ್ರವಾಸಗ್ರಂಥವನ್ನು ಡಾರ್ವಿನ್ನರಿಗೇ ಅರ್ಪಿಸಿದರು. ಅಂದು ಬಂದ ಆ ಪತ್ರ ಮಾತ್ರ ಇಂದಿಗೂ ಸಿಕ್ಕಿಲ್ಲ.

ತಪ್ಪು ತೋರಿಸಿದ ಮಾಲಿ

ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಜಾನ್ ಸ್ಕಾಟ್ ಎಂಬ ತೋಟಗಾರನಿದ್ದ. 1862ರಲ್ಲಿ ಅವನು ಡಾರ್ವಿನ್ನರಿಗೆ ಬರೆದ: ನಿಮ್ಮ ಆರ್ಕಿಡ್ ಪುಸ್ತಕದಲ್ಲಿ ಒಂದು ಜಾತಿಯನ್ನು ಗಂಡುಗಿಡ ಎಂದಿದ್ದೀರಿ, ಆದರೆ ನಾನು ಅದರಲ್ಲಿ ಕಾಯಿ ಕಟ್ಟಿಸಿದ್ದೇನೆ. ಹೆಸರಾಂತ ವಿಜ್ಞಾನಿಗೆ ಅಪರಿಚಿತ ಮಾಲಿಯೊಬ್ಬ ಹೀಗೆ ಬರೆದರೆ ಏನಾಗಬಹುದು? ಡಾರ್ವಿನ್ ತಪ್ಪನ್ನು ಒಪ್ಪಿಕೊಂಡು ವಂದಿಸಿದರು. ಇನ್ನಷ್ಟು ಪ್ರಯೋಗ ಮಾಡು ಎಂದು ಹುರಿದುಂಬಿಸಿದರು. 1864ರಲ್ಲಿ ಸ್ಕಾಟ್ ಭಾರತಕ್ಕೆ ಹೊರಡಲು ನೆರವಾದರು. ಸ್ಕಾಟ್ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಕ್ಯುರೇಟರ್ ಆದ. ಮುಖಭಾವದ 16 ಪ್ರಶ್ನೆಗಳಿಗೆ ವಿವರವಾಗಿ ಉತ್ತರಿಸಿದ, ಎರೆಹುಳುಗಳ ಬಗ್ಗೆಯೂ ಮಾಹಿತಿ ಕಳಿಸಿದ.

ಡಾರ್ವಿನ್ನರ ಕೊನೆಯ ಪುಸ್ತಕ 1881ರದು, ಎರೆಹುಳುಗಳ ಮೇಲೆ. ಅದರಲ್ಲಿ ಎರೆಹುಳು ಹೊರಹಾಕಿದ ಮಣ್ಣಿನ ಗುಪ್ಪೆಗಳ ಚಿತ್ರಗಳಿವೆ. ಒಂದು ಕಲ್ಕತ್ತೆಯ ಉದ್ಯಾನದ್ದು. ಇನ್ನೊಂದು ನಮ್ಮ ಪಕ್ಕದ ನೀಲಗಿರಿ ಬೆಟ್ಟದ್ದು.

ಮೊಮ್ಮಗನ ತನಕ

1882ರ ಫೆಬ್ರವರಿ. ಡಾರ್ವಿನ್ನರಿಗೆ 73. ನಾರ್ತಾಂಪ್ಟನ್ ಊರಿನಿಂದ ಚಪ್ಪಲಿ-ಬೂಟು ತಯಾರಿಸುವ ವಾಲ್ಟರ್ ಕ್ರಿಕ್ ಎಂಬಾತನ ಪತ್ರ ಬಂತು. ನೀರಿನ ಜೀರುಂಡೆಯೊಂದರ ಕಾಲಿಗೆ ಪುಟ್ಟ ಚಿಪ್ಪಿನ ಜೀವಿ ಕಚ್ಚಿಕೊಂಡಿತ್ತು, ನೋಡಿದೆ ಎಂದು. ಕೊಳದ ಜೀವಿಗಳು ಇನ್ನೊಂದು ಕೊಳಕ್ಕೆ ಹೇಗೆ ಹೋಗುತ್ತವೆ ಎಂಬ ಪ್ರಶ್ನೆ ಡಾರ್ವಿನ್ನರನ್ನು ಬಹುಕಾಲ ಕಾಡಿತ್ತು. ಒಡನೆ ಚಿಪ್ಪಿನ ಉದ್ದ ಅಗಲವೆಷ್ಟು, ಕಾಲಿನ ಎಷ್ಟು ಭಾಗ ಸಿಕ್ಕಿತ್ತು ಎಂದು ಪ್ರಶ್ನೆ ಹೋಯಿತು. ಕ್ರಿಕ್ ಜೀರುಂಡೆಯನ್ನೇ ಟಪಾಲಿನಲ್ಲಿ ಕಳಿಸಿದ. ಅದಿನ್ನೂ ಅರೆಜೀವವಾಗಿತ್ತು. ಆ ಬಡಪಾಯಿ ನರಳದೆ ಬೇಗ ಸಾಯಲೆಂದು ಡಾರ್ವಿನ್ ಅದನ್ನು ಕತ್ತರಿಸಿದ ಲಾರೆಲ್ ಎಲೆಗಳಿದ್ದ ಬಾಟಲಿಯಲ್ಲಿಟ್ಟರು. ಏಪ್ರಿಲ್ 6ರಂದು ‘ನೇಚರ್’ ಪತ್ರಿಕೆಯಲ್ಲಿ ಕ್ರಿಕ್‌ನ ಹೆಸರಿನೊಂದಿಗೆ ಈ ಸಂಗತಿ ಪ್ರಕಟವಾಯಿತು. ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡರು.

ಆ ವಾಲ್ಟರ್ ಕ್ರಿಕ್‌ನ ಮೊಮ್ಮಗನೇ ಫ್ರಾನ್ಸಿಸ್ ಕ್ರಿಕ್. 1953ರಲ್ಲಿ ಜೇಮ್ಸ್ ವಾಟ್ಸನ್ ಜೊತೆ ಡಿಎನ್ಎ ರಚನೆಯನ್ನು ಲೋಕಕ್ಕೆ ತೋರಿಸಿದವರು. ಅಜ್ಜ ಬರೆದ ಕಾಗದ ಡಾರ್ವಿನ್ನರ ಕೊನೆಯ ವಾರಗಳಲ್ಲಿ ಅವರನ್ನು ತಲುಪಿತ್ತು. ಮೊಮ್ಮಗ ಬಿಡಿಸಿದ್ದು ಡಾರ್ವಿನ್ನರಿಗೆ ಬಿಡಿಸಲಾಗದೆ ಉಳಿದಿದ್ದ ಗಂಟನ್ನೇ: ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಬರುತ್ತದೆ ಎಂಬುದನ್ನು.

ಈ ಪತ್ರಗಳನ್ನೆಲ್ಲ ಕಲೆಹಾಕುವ ಕೆಲಸ 1974ರಲ್ಲಿ ಶುರುವಾಯಿತು. 1985ರಲ್ಲಿ ಮೊದಲ ಸಂಪುಟ ಬಂತು, ಈಗ 30 ಸಂಪುಟಗಳೂ ಪೂರ್ಣಗೊಂಡಿವೆ.

ಮಕ್ಕಳೇ, ಈ ರಜೆಯಲ್ಲಿ ಒಂದು ಪೋಸ್ಟ್‌ಕಾರ್ಡ್ ತನ್ನಿ. ಊರಿನಲ್ಲಿರುವ ಅಜ್ಜನಿಗೋ ಸೋದರತ್ತೆಗೋ, ತೋಟದ ಕೆಲಸ ಬಲ್ಲ ಯಾರಿಗಾದರೂ ಬರೆಯಿರಿ. ಪ್ರಶ್ನೆ ಒಂದೇ ಇರಲಿ, ಸಣ್ಣದಿರಲಿ. ‘ಈ ವರ್ಷ ನಿಮ್ಮ ಮಾವಿನ ಮರದಲ್ಲಿ ಮೊದಲ ಹೂ ಯಾವ ದಿನ ಕಂಡಿತು? ಅದಕ್ಕೆ ಯಾವ ಹುಳು ಬಂತು?’ ಎಂಬಂಥದ್ದು. ಯಾಕೆ ಕೇಳುತ್ತಿದ್ದೀರಿ ಎಂದು ಒಂದು ಸಾಲು ಸೇರಿಸಿ. ಉತ್ತರ ಬಂದರೆ ವಂದಿಸಿ ಮತ್ತೆ ಬರೆಯಿರಿ. ಅಜ್ಜ-ಅಜ್ಜಿಯರೇ, ಆ ಕಾರ್ಡು ನಿಮ್ಮ ಕೈ ಸೇರಿದಾಗ ಮೇಲೆ ತಾರೀಕು ಹಾಕಿ, ಬೀರುವಿನಲ್ಲಿ ಎತ್ತಿಡಿ.